ಬಾಣಲೆ ಇಡದ ವರ್ಷ

ನನ್ನ ಹೆಸರು ದ್ರಾಕ್ಷಾಯಣಿ. ಹೆತ್ತೂರಿನಲ್ಲಿ ಬಸ್ಸಿಳಿದು ಕಜ್ಜಾಯದ ದ್ರಾಕ್ಷಾಯಣಿ ಮನೆ ಎಲ್ಲಿ ಎಂದು ಕೇಳಿದರೆ ಸಾಕು, ಯಾರಾದರೂ ದಾರಿ ತೋರಿಸುತ್ತಾರೆ. ಮೊದಲು ಹೆಮ್ಮೆಯಿಂದ ತೋರಿಸುತ್ತಿದ್ದರು. ಈಗ ತೋರಿಸಿ ಸ್ವಲ್ಪ ನಗುತ್ತಾರೆ. ನನಗೆ ಆ ನಗುವಿನ ಮೇಲೆ ಸಿಟ್ಟಿಲ್ಲ. ಅವರು ನಗುವುದಕ್ಕೆ ಇಟ್ಟುಕೊಂಡಿರುವ ಕಾರಣ ಸುಳ್ಳು, ಆ ಸುಳ್ಳು ಹೇಳಿದವಳೂ ನಾನೇ. ನಿಜವಾದ ಕಾರಣ ಗೊತ್ತಾಗಿದ್ದರೆ ನಗುತ್ತಿರಲಿಲ್ಲ, ಉಗಿಯುತ್ತಿದ್ದರು.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬಕ್ಕೆ ಬಾಣಲೆ ಇಡುವುದಿಲ್ಲ. ಅನ್ನ ಸಾರು ಬೇಯುತ್ತದೆ, ರೊಟ್ಟಿ ಸುಡುತ್ತಾರೆ, ಆದರೆ ಆ ಮನೆಯಿಂದ ಎಣ್ಣೆ ಕಾದ ವಾಸನೆ ಬರಬಾರದು. ಮನೆಯ ಹೆಂಗಸು ಹಬ್ಬದ ತಿಂಡಿಗೆ ಕೈ ಹಾಕಬಾರದು. ಹಾಗಂತ ಅವರು ಬಾಯಿ ಒಣಗಿಸಿಕೊಂಡು ಕೂರಬೇಕಾಗಿಲ್ಲ. ಅಕ್ಕಪಕ್ಕದ ಮನೆಯವರು ತಮ್ಮ ಕೈಯಾರೆ ಮಾಡಿದ್ದನ್ನು ತಂದುಕೊಡುತ್ತಾರೆ. ತಂದ ಪ್ರತಿ ಮನೆಯದರಲ್ಲೂ ಆ ಹೆಂಗಸು ಒಂದೊಂದು ತುತ್ತನ್ನು ಎಲ್ಲರ ಮುಂದೆ ತಿನ್ನಬೇಕು. ದುಃಖದ ಬಾಯಿಗೆ ಬೇರೆಯವರ ಕೈಯಿಂದಲೇ ಸಿಹಿ ಬೀಳಬೇಕು, ಸ್ವಂತ ಕೈಯದು ತಿಂದರೆ ಹೋದವರನ್ನು ಮರೆತ ಹಾಗೆ ಎಂದು ನಮ್ಮ ಕೆಂಚಜ್ಜಿ ಹೇಳುತ್ತಾರೆ. ವರ್ಷ ತುಂಬಿ ಕಾರ್ಯ ಮುಗಿದ ಮಾರನೇ ದಿನ, ಹಾಗೆ ತಂದುಕೊಟ್ಟವರಲ್ಲಿ ಒಬ್ಬರು ಬಂದು ಆ ಮನೆಯ ಒಲೆಯ ಮೇಲೆ ಮೊದಲ ಬಾಣಲೆ ಇಡಬೇಕು. ಕೆಂಚಜ್ಜಿಗೆ ಎಂಬತ್ತು ದಾಟಿದೆ. ಇಂಥ ವಿಷಯದಲ್ಲಿ ನಮ್ಮ ಹದಿನೈದು ಮನೆಗಳಿಗೆ ಅವರದೇ ಕೊನೆಯ ಮಾತು.

ಸುಲೋಚನಕ್ಕ ನನಗೆ ಒಡಹುಟ್ಟಿದವಳಲ್ಲ, ನಮ್ಮ ತೋಟದ ಬೇಲಿಯಾಚೆ ಕೆಳಗಿನ ಮನೆಯವಳು. ನಾನು ಮದುವೆಯಾಗಿ ಬಂದ ವರ್ಷದಿಂದ, ಅಂದರೆ ಇಪ್ಪತ್ತೆರಡು ವರ್ಷ, ದೀಪಾವಳಿಯ ಕಜ್ಜಾಯವನ್ನು ನಾವಿಬ್ಬರೂ ಸೇರಿ ನಮ್ಮ ಮನೆಯ ಹಿಂದಿನ ಒಲೆಯಲ್ಲಿ ಮಾಡುತ್ತಿದ್ದೆವು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡಿಸುವುದು ಯಾರಿಗಾದರೂ ಬರುತ್ತದೆ. ಬಾಳೆ ಎಲೆಯ ಮೇಲೆ ತಟ್ಟಿ, ಎಣ್ಣೆಗೆ ಬಿಟ್ಟು, ಎರಡು ಜಾಲರಿ ಸೌಟಿನ ನಡುವೆ ಒತ್ತಿ ತೆಗೆಯುವುದೂ ಕೈ ಸುಟ್ಟುಕೊಂಡು ಕಲಿಯಬಹುದಾದ ಕೆಲಸ. ಬೆಲ್ಲದ ಪಾಕ ಹಾಗಲ್ಲ. ಒಂದು ಗಳಿಗೆ ಮೊದಲೇ ಇಳಿಸಿದರೆ ಕಜ್ಜಾಯ ಎಣ್ಣೆಯಲ್ಲೇ ಚೂರುಚೂರಾಗಿ ಚದುರುತ್ತದೆ, ಒಂದು ಗಳಿಗೆ ತಡವಾದರೆ ಹಲ್ಲು ಮುರಿಯುತ್ತದೆ. ಅಕ್ಕ ಪಾಕದ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ, ಬಟ್ಟಲಿನ ಅಂಚಿಗೆ ತಟ್ಟಿ ನೋಡಿ, ಇಳಿಸು ಎನ್ನುತ್ತಿದ್ದಳು. ನಾನೂ ಹಾಗೇ ತಟ್ಟುತ್ತೇನೆ. ನನಗೆ ಕೇಳಿಸುವುದು ಬಟ್ಟಲಿನ ಸದ್ದು ಮಾತ್ರ.

ಇಬ್ಬರೂ ಸೇರಿ ಮಾಡುತ್ತೇವೆ ಎಂದು ಊರಿಗೆ ಗೊತ್ತಿತ್ತು. ಯಾವುದು ಯಾರ ಕೈಯದು ಎಂದು ಯಾರೂ ಕೇಳಿರಲಿಲ್ಲ. ಒಲೆ ನನ್ನದು, ಬಾಯಿಯೂ ನನ್ನದು. ನೆಂಟರಿಗೆ, ಬ್ಯಾಂಕಿನವರಿಗೆ, ಶಾಲೆಯ ಮೇಷ್ಟ್ರುಗಳಿಗೆ ಡಬ್ಬ ಕಟ್ಟಿ ಕೊಡುವವಳು ನಾನು. ಅಕ್ಕ ನಾಲ್ಕು ಜನರೆದುರು ನಾಲ್ಕು ಮಾತಾಡುವವಳಲ್ಲ. ಹೀಗೆ ಹೆಸರು ತಾನಾಗಿಯೇ ನನ್ನ ಕಡೆ ಬಂತು, ನಾನು ಬೇಡ ಅನ್ನಲಿಲ್ಲ. ಆಮೇಲಾಮೇಲೆ ಡಬ್ಬದ ಮೇಲೆ ‘ದ್ರಾಕ್ಷಾಯಣಿ ಮನೆ ಕಜ್ಜಾಯ’ ಎಂದು ಸ್ಟಿಕ್ಕರ್ ಮಾಡಿಸಿದೆ, ಅದರಲ್ಲಿ ನನ್ನ ಫೋಟೋ ಬೇರೆ. ಅಕ್ಕ ಅದನ್ನು ನೋಡಿ ಫೋಟೋ ಚೆನ್ನಾಗಿದೆ ಎಂದಿದ್ದಳು.

ಅವಳ ಗಂಡ ಸುಬ್ಬಯ್ಯ. ನಾನು ಭಾವ ಎನ್ನುತ್ತಿದ್ದೆ. ಕಜ್ಜಾಯದ ದಿನ ನಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಅಕ್ಕ ಮೊದಲನೆಯದನ್ನು ಮಾತ್ರ ಸ್ವಲ್ಪ ದೊಡ್ಡದಾಗಿ ತಟ್ಟಿ, ಮೇಲೆ ಒಂದು ಹಿಡಿ ಎಳ್ಳು ಒತ್ತಿ, ಕರಿದು ತಟ್ಟೆಯಲ್ಲಿ ಅವರ ಪಕ್ಕಕ್ಕಿಡುತ್ತಿದ್ದಳು. ಭಾವ ಒಂದು ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದರು, ಹೋದ ವರ್ಷದ್ದೇ ಚೆನ್ನಾಗಿತ್ತು ಅಂತ. ಅಕ್ಕ ಸೌಟು ತೋರಿಸಿ ಹೆದರಿಸುತ್ತಿದ್ದಳು. ಅವಳು ಬಾಯಿಬಿಟ್ಟು ನಗುತ್ತಿದ್ದುದು ವರ್ಷಕ್ಕೆ ಅದೊಂದೇ ಸಲವೇನೋ ಅನ್ನಿಸುತ್ತದೆ ನನಗೆ.

ಹೋದದ್ದರ ಹಿಂದಿನ ವರ್ಷ, ಕಾಫಿ ಕೊಯ್ಲು ಶುರುವಾದ ವಾರ, ಭಾವ ಎದೆನೋವು ಎಂದವರು ಸಕಲೇಶಪುರ ಮುಟ್ಟುವುದರೊಳಗೆ ಹೋಗಿಬಿಟ್ಟರು. ಆಮೇಲೆ ಬಂದ ಯುಗಾದಿಗೂ ಗೌರಿಹಬ್ಬಕ್ಕೂ ನಾವೇ ಒಬ್ಬಟ್ಟು, ಕಡುಬು ಹೊತ್ತುಕೊಂಡು ಹೋಗಿ ಕೊಟ್ಟೆವು. ಅಲ್ಲಿಯವರೆಗೆ ನನ್ನದೇನೂ ತಪ್ಪಿರಲಿಲ್ಲ.

ತಪ್ಪು ಶುರುವಾದದ್ದು ದಸರಾ ಕಳೆದ ಮೇಲೆ. ಹೆಗ್ಗದ್ದೆ ಕಡೆ ದೊಡ್ಡ ಎಸ್ಟೇಟಿನ ಆಶಾ ಮೇಡಂ ಫೋನ್ ಮಾಡಿದರು. ದೀಪಾವಳಿಗೆ ಮೂರು ದಿನ ಮುಂಚಿನ ಭಾನುವಾರ ಬಂಗಲೆಯಲ್ಲಿ ಪಾರ್ಟಿ, ಹಾಸನ ಮಂಗಳೂರಿನಿಂದೆಲ್ಲ ಜನ ಬರುತ್ತಾರೆ, ಅಂಗಡಿಯದು ಏನೂ ಇರಬಾರದು, ಎಲ್ಲ ಮನೆಯಲ್ಲೇ ಮಾಡಿದ್ದು ಎಂದರು. ಬಂದವರಿಗೆ ಉಡುಗೊರೆಯಾಗಿ ಕೊಡಲು ನಿಮ್ಮ ಕಜ್ಜಾಯದ ನಲವತ್ತು ಡಬ್ಬ ಬೇಕು, ನೀವೇ ಬಂದು ಎಲ್ಲರಿಗೂ ಒಂದೆರಡು ಮಾತು ಹೇಳಬೇಕು ಎಂದರು. ನಾನು ಫೋನಿನಲ್ಲೇ ತಲೆಯಾಡಿಸಿ ಒಪ್ಪಿಕೊಂಡೆ. ಒಪ್ಪಿಕೊಂಡು ಫೋನ್ ಇಟ್ಟ ಮೇಲೆ ಅಕ್ಕ ಈ ವರ್ಷ ಪಾಕಕ್ಕೆ ಕೈ ಹಾಕುವಂತಿಲ್ಲ ಎಂಬುದು ನೆನಪಾಯಿತು.

ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೇನೆ, ಅಷ್ಟೂ ಬರುವುದಿಲ್ಲವೇ ಎಂದು ಧೈರ್ಯ ತಂದುಕೊಂಡು ಒಂದು ಸೇರಿಗೆ ಪಾಕ ಇಟ್ಟೆ. ಮೊದಲ ಸಲ ಬಾಣಲೆ ತುಂಬ ಪುಡಿ ತೇಲಿತು. ಎರಡನೇ ಸಲದ್ದು ಕಲ್ಲಾಯಿತು. ನಾಯಿಗೆ ಹಾಕಿದೆ. ಅದು ಮೂಸಿ, ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಹೋಯಿತು. ಆಗಲೇ ಆಶಾ ಮೇಡಂಗೆ ಫೋನ್ ಮಾಡಿ ಈ ವರ್ಷ ಆಗುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಫೋನ್ ಕೈಗೆ ತೆಗೆದುಕೊಂಡೆ ಕೂಡ. ಯಾಕೆ ಎಂದು ಕೇಳುತ್ತಾರೆ, ಪಾಕ ನನಗೆ ಬರುವುದಿಲ್ಲ ಎಂದು ಹೇಳಬೇಕಾಗುತ್ತದೆ. ಫೋನ್ ಕೆಳಗಿಟ್ಟು ಬೇಲಿ ದಾಟಿ ಅಕ್ಕನ ಮನೆಗೆ ಹೋದೆ.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ನನ್ನ ಮಾತು ಕೇಳಿ, ನನ್ನಿಂದ ಆಗಲ್ಲ ಕಣೆ, ವರ್ಷ ತುಂಬಲಿ ಎಂದಳು. ನಾನು ವಕೀಲರ ಹಾಗೆ ವಾದ ಹೂಡಿದೆ. ಬಾಣಲೆ ಇಡಬಾರದು ಅನ್ನುವುದು ನಿಮ್ಮ ಮನೆಯಲ್ಲಿ ತಾನೆ, ಇದು ನಮ್ಮ ಮನೆ. ಒಲೆ ನಮ್ಮದು, ಎಣ್ಣೆ ನಮ್ಮದು. ನೀನು ಏನನ್ನೂ ಮುಟ್ಟಬೇಡ, ದೂರದಲ್ಲಿ ನಿಂತು ಇಳಿಸು ಅಂತ ಒಂದು ಮಾತು ಹೇಳಿದರೆ ಸಾಕು. ಇದು ಹಬ್ಬಕ್ಕೆ ಮಾಡುವುದೂ ಅಲ್ಲ, ಪಾರ್ಟಿಗೆ. ಅಕ್ಕ ಮೆಣಸಿನಕಾಯಿ ಕೆದಕುತ್ತಲೇ ಇದ್ದಳು. ಆಗ ನಾನು ಆಡಬಾರದ ಮಾತು ಆಡಿದೆ.

“ಭಾವ ಇದ್ದಿದ್ರೆ ಅವರೇ ಕಳಿಸ್ಕೊಡೋರು ಕಣಕ್ಕ. ನನ್ನ ಮರ್ಯಾದೆ ಹೋಗೋದನ್ನ ಅವ್ರು ನೋಡ್ಕಂಡು ಕೂರ್ತಿದ್ರಾ?”

ಸತ್ತವರನ್ನು ಸಾಕ್ಷಿಗೆ ಕರೆದೆ. ಅವರು ಬಂದು ಇಲ್ಲ ಅನ್ನುವಂತಿರಲಿಲ್ಲ. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಯಾವತ್ತು ಎಂದು ಕೇಳಿದಳು. ಮನೆಗೆ ಬಂದು ನನ್ನ ಗಂಡ ಜಯಕುಮಾರ್‌ಗೆ ಹೇಳಿದರೆ ಅವರು ಊಟದ ತಟ್ಟೆಯಿಂದ ತಲೆಯೆತ್ತಿ, ಸುಬ್ಬಣ್ಣ ಇದ್ದಿದ್ದರೆ ನಿನಗೆ ಹೀಗೆ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲವಲ್ಲ ಎಂದರು. ನಮ್ಮವರು ಹೆಚ್ಚು ಮಾತಿನ ಮನುಷ್ಯರಲ್ಲ. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರುವಾರ ಮಧ್ಯಾಹ್ನ ಅಕ್ಕ ರಸ್ತೆಯಲ್ಲಿ ಬರದೆ ಕಾಫಿ ಗಿಡಗಳ ಸಾಲಿನ ನಡುವೆ ತಲೆ ತಗ್ಗಿಸಿಕೊಂಡು ಹಿಂಬಾಗಿಲಿಗೆ ಬಂದಳು. ಅವಳು ಹಾಗೆ ಕದ್ದು ಬರುವ ಹಾಗೆ ಮಾಡಿದವಳು ನಾನು. ಮೊದಲು ದೂರದಲ್ಲೇ ನಿಂತಿದ್ದಳು. ಬೆಲ್ಲ ನೊರೆಯೇಳುತ್ತಿದ್ದಂತೆ ಒಂದು ಹೆಜ್ಜೆ ಮುಂದೆ ಬಂದಳು. ನಾನು ಬೇಕೆಂದೇ ಬಟ್ಟಲಿನ ಅಂಚಿಗೆ ತಪ್ಪುತಪ್ಪಾಗಿ ತಟ್ಟಿದೆನೋ, ನನ್ನ ಕೈಯೇ ಅಷ್ಟೋ, ಅವಳಿಗೆ ನೋಡಲಾಗಲಿಲ್ಲ. ಅತ್ತ ಸರಿ ಎಂದು ನನ್ನ ಜಾಗದಲ್ಲಿ ಕೂತಳು. ಪಾಕ ಇಳಿಸಿ, ಹಿಟ್ಟು ಕಲಸಿ, ಮೇಲೆ ತುಪ್ಪ ಸವರಿ ಮುಚ್ಚಿಟ್ಟು ಹೋದಳು. ಶನಿವಾರ ಕರಿಯುವುದಕ್ಕೂ ಅವಳನ್ನೇ ಕರೆದೆ. ಅಷ್ಟು ಹಿಟ್ಟು ಒಬ್ಬಳ ಕೈಲಿ ತೀರುವುದಿಲ್ಲ ಎಂದೆ. ಒಂದು ಮೆಟ್ಟಿಲು ಇಳಿದ ಮೇಲೆ ಎರಡನೆಯದಕ್ಕೆ ಅವಳಾದರೂ ಏನೆಂದು ತಕರಾರು ಮಾಡಿಯಾಳು?

ಎಣ್ಣೆ ಕಾಯಿತು. ಅಕ್ಕ ಮೊದಲನೆಯದನ್ನು ತಟ್ಟಿದಳು. ಸ್ವಲ್ಪ ದೊಡ್ಡದಾಗಿಯೇ ತಟ್ಟಿದಳು, ಒಂದು ಹಿಡಿ ಎಳ್ಳು ಒತ್ತಿದಳು, ಕರಿದು ಒತ್ತಿ ತಟ್ಟೆಗೆ ಹಾಕಿ ಹಿಂಬಾಗಿಲ ಮೆಟ್ಟಿಲ ಮೇಲಿಟ್ಟಳು. ಇಟ್ಟ ಕೈ ತಟ್ಟೆಯ ಮೇಲೇ ನಿಂತಿತು. ಇಪ್ಪತ್ತೆರಡು ವರ್ಷದ ರೂಢಿ, ಕೈ ತಾನಾಗಿಯೇ ಮಾಡಿಬಿಟ್ಟಿತ್ತು. ಅವಳು ಖಾಲಿ ಮೆಟ್ಟಿಲು ನೋಡುತ್ತ ನಿಂತಳು. ಆ ಹೊತ್ತಿನಲ್ಲಿ ನಾನು ಎದ್ದು ಅವಳ ಹೆಗಲ ಮೇಲೆ ಕೈ ಇಡಬೇಕಿತ್ತು. ನಾನು ಡಬ್ಬಗಳಿಗೆ ಕಾಗದ ಹಾಸುತ್ತಿದ್ದೆ. ನೋಡಿದೆ. ನೋಡಿಯೂ ಅಕ್ಕ, ಎಣ್ಣೆ ಹೊಗೆಯಾಡ್ತಾ ಐತೆ ಎಂದೆ.

ಸಂಜೆ ಹೊರಡುವಾಗ ಅವಳು ಒಂದೇ ಮಾತು ಹೇಳಿದಳು.

“ಯಾರ್ ಮುಂದೂ ಬಾಯ್ಬಿಡ್ಬೇಡ ಕಣೆ. ನಮ್ ಧನುಶ್ರೀಗೂ ಗೊತ್ತಾಗೋದು ಬ್ಯಾಡ. ಅಪ್ಪನ್ನ ಮರ್ತುಬುಟ್ಲು ಅಂದ್ಕಂತಾಳೆ.”

ಧನುಶ್ರೀ ಅವಳ ಒಬ್ಬಳೇ ಮಗಳು, ಆಲೂರಿಗೆ ಕೊಟ್ಟಿದೆ. ನಾನು ಅಕ್ಕನ ಕೈ ಹಿಡಿದು ಆಣೆ ಮಾಡಿದೆ. ಅವಳು ಗಿಡಗಳ ನಡುವೆ ಮರೆಯಾದ ಮೇಲೆ ಡಬ್ಬ ತುಂಬಿದೆ. ನಲವತ್ತು ತುಂಬಿ ಇನ್ನೊಂದಕ್ಕೂ ಆಗುವಷ್ಟು ಉಳಿದಿತ್ತು, ಅದಕ್ಕೆ ಒಂದು ಕಜ್ಜಾಯ ಮಾತ್ರ ಕಡಿಮೆ. ಮೆಟ್ಟಿಲ ಮೇಲಿನ ತಟ್ಟೆ ಕಣ್ಣಿಗೆ ಬಿತ್ತು. ಎಳ್ಳು ತುಂಬಿಕೊಂಡು, ಎಲ್ಲಕ್ಕಿಂತ ಅಂದವಾಗಿತ್ತು. ಎತ್ತಿ ನಲವತ್ತೊಂದನೇ ಡಬ್ಬದಲ್ಲಿ ಎಲ್ಲಕ್ಕಿಂತ ಮೇಲಿಟ್ಟು ಮುಚ್ಚಿ ಸ್ಟಿಕ್ಕರ್ ಅಂಟಿಸಿದೆ. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಏನೂ ಇರಲಿಲ್ಲ, ಮೇಲೆ ಇಟ್ಟರೆ ಚೆನ್ನಾಗಿ ಕಾಣುತ್ತದೆ ಎಂಬುದು ಬಿಟ್ಟರೆ.

ಪಾರ್ಟಿ ಚೆನ್ನಾಗಿಯೇ ಆಯಿತು. ಬಂಗಲೆಯ ಮುಂದಿನ ಹುಲ್ಲಿನ ಮೇಲೆ ಉದ್ದದ ಮೇಜು ಹಾಕಿ ಚಕ್ಕುಲಿ, ಕೋಡುಬಳೆ, ಸೀಬೆಹಣ್ಣಿನ ಜಾಮು, ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು ಎಲ್ಲ ಜೋಡಿಸಿದ್ದರು. ನಡುವೆ ನನ್ನ ಡಬ್ಬಗಳು, ನಲವತ್ತು ಕಡೆ ನನ್ನದೇ ಮುಖ. ಕೈತುಂಬ ಬಳೆ ತೊಟ್ಟ ಹೆಂಗಸರು ಒಂದು ಕಚ್ಚಿ, ಇಷ್ಟು ಮೆತ್ತಗೆ ಹೇಗೆ ಬರುತ್ತದೆ ಎಂದು ಕೇಳಿದರು. ಆಶಾ ಮೇಡಂ ಫೋನ್ ಹಿಡಿದು ವಿಡಿಯೋ ಮಾಡಿದರು. ನಾನು ಸೆರಗು ಸರಿಮಾಡಿಕೊಂಡು, ಪಾಕದ ಹದ ಅಳತೆಯಿಂದ ಬರುವುದಲ್ಲ, ಅದು ಕೈಯಲ್ಲಿರಬೇಕು, ನನಗೆ ನಮ್ಮಮ್ಮನ ಕೈಯಿಂದ ಬಂದದ್ದು ಎಂದೆ. ನಮ್ಮಮ್ಮ ಬೇಲೂರಿನವಳು, ಜೀವಮಾನದಲ್ಲಿ ಕಜ್ಜಾಯ ಮಾಡಿದವಳಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬೀಗಿಬಿಟ್ಟೆ, ಇದನ್ನೂ ಹೇಳಿಬಿಡಬೇಕು. ಆಗ ನನಗೆ ನಾಚಿಕೆಯಾಗಲಿಲ್ಲ.

ದೀಪಾವಳಿಯ ದಿನ ಬೆಳಿಗ್ಗೆ ಎಲ್ಲ ಮನೆಯವರೂ ಅಕ್ಕನ ಮನೆಗೆ ಹೊರಟರು. ನಾನು ಚಕ್ಕುಲಿ ಮಾಡಿಕೊಂಡು ಹೋಗಬೇಕು ಎಂದುಕೊಂಡಿದ್ದೆ. ವಾರವೆಲ್ಲ ದಣಿದಿದ್ದೆ, ಸೊಂಟ ಹಿಡಿದಿತ್ತು, ಎದ್ದದ್ದೇ ತಡವಾಗಿತ್ತು. ಬೀರುವಿನಲ್ಲಿ ನಲವತ್ತೊಂದನೇ ಡಬ್ಬ ಕಂಡಿತು. ಅದನ್ನೇ ಎತ್ತಿಕೊಂಡು ಹೋದೆ. ಬರಿಗೈಯಲ್ಲಿ ಹೋಗಿದ್ದರೂ ಇದಕ್ಕಿಂತ ಮರ್ಯಾದೆಯಿರುತ್ತಿತ್ತು.

ನಡುಮನೆಯಲ್ಲಿ ಚಾಪೆಯ ಮೇಲೆ ಏಳೆಂಟು ಹೆಂಗಸರು. ಗೋಡೆಯ ಮೇಲೆ ಭಾವನ ಫೋಟೋ. ಕೆಂಚಜ್ಜಿ ನಡುವೆ ಕೂತು ಒಂದೊಂದು ಪಾತ್ರೆಯನ್ನೂ ತೆಗೆದು, ಇದು ಇಂಥವರ ಮನೆಯದು ಎಂದು ಹೇಳಿ ಅಕ್ಕನ ಕೈಗೆ ಕೊಡುತ್ತಿದ್ದರು. ಅಕ್ಕ ಒಂದೊಂದು ತುತ್ತು ತಿಂದು ಕೈಮುಗಿಯುತ್ತಿದ್ದಳು. ಧನುಶ್ರೀ ಆಲೂರಿನಿಂದ ಬಂದಿದ್ದಳು. ನನ್ನನ್ನು ಕಂಡದ್ದೇ, ಚಿಕ್ಕಮ್ಮನ ವಿಡಿಯೋ ನೋಡಿದ್ರಾ ಎಂದು ಫೋನ್ ತೆಗೆದು ಎಲ್ಲರಿಗೂ ತೋರಿಸಿದಳು. ನನ್ನ ದನಿ ಆ ನಡುಮನೆಯಲ್ಲಿ, ನಮ್ಮಮ್ಮನ ಕೈಯಿಂದ ಬಂದದ್ದು ಎಂದಿತು. ಅಕ್ಕನೂ ಬಗ್ಗಿ ನೋಡಿದಳು.

ಆಮೇಲೆ ಕೆಂಚಜ್ಜಿ ನನ್ನ ಡಬ್ಬದ ಮುಚ್ಚಳ ತೆಗೆದರು. ಮೇಲೆಯೇ ಇತ್ತು ಅದು. ಎಲ್ಲಕ್ಕಿಂತ ಸ್ವಲ್ಪ ದೊಡ್ಡದು, ಮೈತುಂಬ ಎಳ್ಳು.

ಕೆಂಚಜ್ಜಿ ಅದನ್ನೇ ಎತ್ತಿ, ಇದು ದ್ರಾಕ್ಷಾಯಣಿ ಕೈಯದು ಎಂದು ಅಕ್ಕನ ಅಂಗೈಯಲ್ಲಿಟ್ಟರು. ಅಕ್ಕ ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ತನ್ನ ಕೈಯಾರೆ ಕರಿದದ್ದು, ಹೋದ ಗಂಡನಿಗೆಂದು ಕೈ ತಪ್ಪಿ ಎತ್ತಿಟ್ಟದ್ದು. ಅದನ್ನು ಅವರ ಫೋಟೋದ ಮುಂದೆ, ನನ್ನ ಹೆಸರಲ್ಲಿ ಅವಳು ತಿನ್ನಬೇಕಾಗಿತ್ತು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ನನಗೆ ಒಂದೇ ಒಂದು ಮಾತು ಸಾಕಿತ್ತು. ಅಜ್ಜಿ, ಅದು ಬೇಡ, ಬೇರೆ ತರ್ತೀನಿ ಎಂದು ಏನೋ ಒಂದು ನೆಪ ಹೇಳಿ ಕಿತ್ತುಕೊಳ್ಳಬಹುದಿತ್ತು. ನಾನು ಹೇಳಲಿಲ್ಲ. ಅಕ್ಕನ ಗುಟ್ಟು ಉಳಿಸಲು ಸುಮ್ಮನಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆಗ ನಾನು ನೋಡಿದ್ದು ಚಾಪೆಯ ಮೇಲಿದ್ದ ಮುಚ್ಚಳದಲ್ಲಿ ನಗುತ್ತಿದ್ದ ನನ್ನ ಫೋಟೋವನ್ನು.

ಅಕ್ಕ ಅಂಚಿನಿಂದ ಒಂದು ತುಂಡು ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದು ನುಂಗಿದಳು. “ಚೆನ್ನಾಗ್ ಬಂದೈತೆ ಕಣೆ ದ್ರಾಕ್ಷಾಯಣಿ,” ಎಂದು ಕೈಮುಗಿದಳು.

ಉಳಿದವರೂ ತಿಂದು ಹೊಗಳಿದರು. ನನಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ. ಆ ದಿನ ಶುರುವಾದ ನಾಚಿಕೆ ಇದು. ಮಾರನೇ ದಿನ ಧನುಶ್ರೀ ಡಬ್ಬ ತೊಳೆದು ತಂದುಕೊಟ್ಟಳು. ಸ್ಟಿಕ್ಕರ್ ಹಾಗೇ ಇತ್ತು. ಅವಳು ಹೋದ ಮೇಲೆ ಕೂತು ಉಗುರಿನಿಂದ ಕೆರೆದೆ. ಮುಖ ಹೋಯಿತು, ಹೆಸರು ಹೋಗಲಿಲ್ಲ, ಡಬ್ಬವನ್ನೇ ಬಿಸಾಡಿದೆ.

ಒಂದು ತಿಂಗಳು ಬೇಲಿಯ ಕಡೆ ಮುಖ ಹಾಕಲಿಲ್ಲ. ಅಕ್ಕ ತೋಟದಲ್ಲಿ ಕಂಡರೆ ನಾನು ಗಿಡದ ಹಿಂದೆ ಸರಿಯುತ್ತಿದ್ದೆ. ಕಾಫಿ ಹಣ್ಣಾಗಿತ್ತು, ಕೆಲಸದ ನೆಪಕ್ಕೆ ಬರವಿರಲಿಲ್ಲ. ಕ್ಷಮಿಸು ಎಂದು ಕೇಳಲು ಎರಡು ಸಲ ಹೊರಟು ಎರಡು ಸಲವೂ ಅರ್ಧ ದಾರಿಯಿಂದ ಹಿಂದಿರುಗಿದೆ. ಊರಿಗೆಲ್ಲ ನಿಜ ಹೇಳಿಬಿಡೋಣ ಎಂದೂ ಅನ್ನಿಸಿತು. ಆದರೆ ಹೇಳಿದರೆ ನನ್ನ ಹೊರೆ ಇಳಿಯುತ್ತದೆ, ಅಕ್ಕ ವರ್ಷದೊಳಗೆ ಬಾಣಲೆ ಮುಟ್ಟಿದವಳಾಗುತ್ತಾಳೆ. ಹಾಗೆ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ.

ಮಾರ್ಗಶಿರದಲ್ಲಿ ಭಾವನ ವರ್ಷದ ಕಾರ್ಯ ಆಯಿತು. ಸಂಜೆ ಎಲ್ಲರೂ ಏಳುವ ಹೊತ್ತಿಗೆ ಕೆಂಚಜ್ಜಿ, ನಾಳೆ ಬಾಣಲೆ ಇಡುವುದು ದ್ರಾಕ್ಷಾಯಣಿ, ಸುಬ್ಬಯ್ಯನಿಗೆ ಕಜ್ಜಾಯ ಅಂದರೆ ಪ್ರಾಣ, ಅದನ್ನೇ ಮಾಡಲಿ ಎಂದುಬಿಟ್ಟರು. ನಾನು ಅಕ್ಕನ ಕಡೆ ನೋಡಿದೆ. ಅವಳು ಎಲೆ ಎತ್ತುತ್ತಿದ್ದಳು, ತಲೆಯೆತ್ತಲಿಲ್ಲ.

ಬಾಣಲೆ ಇಡುವ ದಿನ ಪಾಕದಿಂದ ಹಿಡಿದು ಎಲ್ಲವೂ ಅಲ್ಲೇ, ಎಲ್ಲರ ಮುಂದೆಯೇ ಆಗಬೇಕು. ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತೆ. ಹಿಂದೆ ದೀಪಾವಳಿಗೆ ಬಂದ ಅದೇ ಏಳೆಂಟು ಹೆಂಗಸರು, ಧನುಶ್ರೀ, ಮಣೆಯ ಮೇಲೆ ಕೆಂಚಜ್ಜಿ. ಅಕ್ಕ ಬಾಗಿಲಿಗೊರಗಿ ಕೂತಿದ್ದಳು. ಧನುಶ್ರೀ, ಚಿಕ್ಕಮ್ಮ, ಪಾಕ ಹೇಗೆ ನೋಡ್ತೀರಿ ತೋರಿಸಿ, ಕಲಿತುಕೊಳ್ತೀನಿ ಎಂದು ಪಕ್ಕದಲ್ಲೇ ಕೂತಳು. ಹನಿ ಬಿಟ್ಟೆ, ಉಂಡೆ ಮಾಡಿದೆ, ಬಟ್ಟಲಿಗೆ ತಟ್ಟಿದೆ. ಬಟ್ಟಲು ಸದ್ದು ಮಾಡಿತು. ಇಳಿಸಿದೆ. ಹಿಟ್ಟು ಕಲಸಿ, ಎಣ್ಣೆ ಕಾಯಿಸಿ, ಮೊದಲನೆಯದನ್ನು ಬಿಟ್ಟೆ. ಅದು ಒಂದು ಸುತ್ತು ತಿರುಗಿ ಬಾಣಲೆ ತುಂಬ ಚೂರಾಗಿ ಹರಡಿಕೊಂಡಿತು.

ಇನ್ನೊಂದು ಬಿಟ್ಟೆ, ಅದೂ ಹಾಗೇ ಆಯಿತು. ಕೆಂಚಜ್ಜಿ ಬಗ್ಗಿ ನೋಡಿ, ಏನಮ್ಮ ಇದು, ನಿನ್ನ ಕೈಯಲ್ಲಿ ಹಿಂಗಾಗಾಕಿಲ್ವಲ್ಲ ಎಂದರು. ಅವರಿಗೆ ಭಯವಾಗಿತ್ತು. ಮೊದಲ ಬಾಣಲೆ ಕೆಟ್ಟರೆ ಹೋದವನ ಜೀವಕ್ಕೆ ಸಮಾಧಾನವಾಗಿಲ್ಲ ಎಂದು ಲೆಕ್ಕ. ಹೆಂಗಸರು ಅಕ್ಕನ ಕಡೆ ತಿರುಗಿದರು. ಒಬ್ಬಳು ಮೆಲ್ಲಗೆ, ವರ್ಷದಲ್ಲಿ ಎಲ್ಲಾದರೂ ನೇಮ ತಪ್ಪಿತಾ ಸುಲೋಚನಕ್ಕ ಎಂದು ಕೇಳಿಯೂ ಬಿಟ್ಟಳು.

ನೇಮ ತಪ್ಪಿದ್ದು ನಿಜ, ತಪ್ಪಿಸಿದವಳು ಒಲೆಯ ಮುಂದೆ ಕೂತಿದ್ದಳು. ಅಕ್ಕ ಬಾಯಿ ತೆರೆದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು, ಇನ್ನೊಂದು ಕ್ಷಣ ಬಿಟ್ಟಿದ್ದರೆ ಎಲ್ಲ ಹೇಳಿಬಿಡುತ್ತಿದ್ದಳು. ನಾನು ಸೌಟು ಕೆಳಗಿಟ್ಟೆ.

“ಅಕ್ಕಂದೇನೂ ತಪ್ಪಿಲ್ಲ ಅಜ್ಜಿ. ನಂಗೆ ಪಾಕ ಬರಾಕಿಲ್ಲ. ಯಾವತ್ತೂ ಬತ್ತಿರ್ಲಿಲ್ಲ. ಇಷ್ಟ್ ವರ್ಷನೂ ಪಾಕ ಮಾಡ್ತಿದ್ದಿದ್ದು ಅಕ್ಕ, ಹೆಸ್ರು ಇಟ್ಕಂಡಿದ್ದು ನಾನು. ಈ ದೀಪಾವಳೀಲಿ ಅಕ್ಕ ಕೈ ಹಾಕಂಗಿರ್ಲಿಲ್ವಲ್ಲ, ಅದ್ಕೆ ಹಾಸನದ ಅಂಗಡಿಯಿಂದ ತರ್ಸಿ ಡಬ್ಬಕ್ಕೆ ತುಂಬಿದ್ದೆ. ಈ ಮನೆಗೆ ತಂದ್ಕೊಟ್ಟಿದ್ದೂ ಅದೇ.”

ಕೊನೆಯ ಎರಡು ಮಾತು ಸುಳ್ಳು. ಆದರೆ ಅಷ್ಟು ಸಲೀಸಾಗಿ ಬಂತು, ನನಗೇ ಆಶ್ಚರ್ಯ. ಅಂಗಡಿಯದನ್ನು ತಂದು ಸಾವಿನ ಮನೆಗೆ ಕೊಟ್ಟವಳು ನಮ್ಮ ಹದಿನೈದು ಮನೆಗಳಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಧನುಶ್ರೀ ನನ್ನ ಪಕ್ಕದಿಂದ ಎದ್ದು ಹೋಗಿ ಗೋಡೆಗೊರಗಿ ನಿಂತಳು. ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಂಚಜ್ಜಿ ನನಗೆ ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಥೂ ಎಂದಷ್ಟೇ ಹೇಳಿ, ಇವಳನ್ನು ಎಬ್ಬಿಸಿ, ಬೇರೆ ಯಾರಾದರೂ ಬಾಣಲೆ ಇಡಿ ಎಂದರು. ನಾನು ಏಳಲು ನೆಲಕ್ಕೆ ಕೈಯೂರಿದೆ.

ಅಕ್ಕ ಬಾಗಿಲಿಂದ ಎದ್ದು ಬಂದಳು. ಅವಳಿಗೆ ಗೊತ್ತಿತ್ತು, ನನ್ನ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು. ಬಂದವಳು ನನ್ನ ಹೆಗಲು ಒತ್ತಿ ಕೂರಿಸಿದಳು. ಬಾಣಲೆ ಇಟ್ಟವಳನ್ನ ಅರ್ಧದಲ್ಲಿ ಎಬ್ಬಿಸಬಾರದು ಅಜ್ಜಿ, ಕೈ ಅವಳದೇ ಇರಲಿ, ನಾನು ಬಾಯಲ್ಲಿ ಹೇಳ್ತೀನಿ ಎಂದಳು. ಕೆಂಚಜ್ಜಿ ಹೂಂ ಎಂದರು.

ಚೂರೆಲ್ಲ ಸೋಸಿ ತೆಗೆ ಎಂದಳು, ತೆಗೆದೆ. ಹಿಟ್ಟು ಇನ್ನೊಂದು ಹಿಡಿ ಹಾಕಿ ನಾದು ಎಂದಳು, ನಾದಿದೆ. ಇನ್ನೂ ಒಂಚೂರು ಎಂದಳು. ಉರಿ ತಗ್ಗಿಸು, ಅಂಚು ತೆಳ್ಳಗೆ ಮಾಡಬೇಡ, ಮೊದಲನೆಯದು ದೊಡ್ಡದಾಗಿ ತಟ್ಟು, ಎಳ್ಳು ಜಾಸ್ತಿ ಒತ್ತು ಎಂದಳು. ಎಣ್ಣೆಗೆ ಬಿಟ್ಟೆ. ಈ ಸಲ ಒಡೆಯಲಿಲ್ಲ. ನಿಧಾನಕ್ಕೆ ಮೇಲೆದ್ದು ಕೆಂಪಗಾಯಿತು. ಎರಡು ಸೌಟಿನ ನಡುವೆ ಒತ್ತಿ ಎತ್ತಿದೆ. ಎಲ್ಲಿಡುವುದು ಎಂದು ಅಕ್ಕನ ಕಡೆ ನೋಡಿದೆ. ಅಕ್ಕ ಒಂದು ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

“ಇದು ನಿಮ್ ಭಾವಂದು. ಈ ಸಲ ಡಬ್ಬಕ್ಕೆ ಹಾಕ್ಬೇಡ.”

ನಾನು ತಟ್ಟೆಯಲ್ಲಿಟ್ಟೆ. ಅಕ್ಕ ಅದನ್ನು ಎತ್ತಿಕೊಂಡು ಫೋಟೋ ಇದ್ದ ನಡುಮನೆಗೆ ಹೋದಳು. ನಾನು ತಲೆ ತಗ್ಗಿಸಿಕೊಂಡು ಎರಡನೆಯದನ್ನು ತಟ್ಟತೊಡಗಿದೆ.